ಬಾಗಿಲಲ್ಲಿ ಹಿಡಿದ ಚೂರು

ಬಾಲವಿತ್ತು. ಮೈಕ್ರೋಸ್ಕೋಪಿನ ಬೆಳಕಿನೊಳಗೆ ಜೀವಕೋಶಗಳ ಗುಂಪೊಂದು ದ್ರಾಕ್ಷಿ ಗೊಂಚಲಿನ ಹಾಗೆ ಒತ್ತೊತ್ತಾಗಿ ಕೂತಿತ್ತು. ಅದರ ಒಂದು ಮಗ್ಗುಲಿನಿಂದ ಏಳೆಂಟು ಕೋಶಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ಹೊರಗೆ ಜೋತುಬಿದ್ದಿದ್ದವು. ಅಕ್ಕ ಕಣ್ಣು ತೆಗೆದಳು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದಳು. ಫ್ಲಾಸ್ಕನ್ನು ಬೆರಳಷ್ಟು ಸರಿಸಿ ಇನ್ನೊಂದು ಗೊಂಚಲು ನೋಡಿದಳು, ಅದಕ್ಕೂ ಬಾಲ. ಮೂರನೆಯದಕ್ಕೂ. ಹೊರಗೆ ಯಾರೋ ನೆಲ ಒರೆಸುವ ಬಕೆಟ್ಟನ್ನು ದರದರ ಎಳೆದುಕೊಂಡು ಹೋಗುತ್ತಿದ್ದರು. ಗೋಡೆಯ ಗಡಿಯಾರ ಒಂಬತ್ತೂಕಾಲು ತೋರಿಸುತ್ತಿತ್ತು, ಯಾವತ್ತಿನಂತೆ ನಾಲ್ಕು ನಿಮಿಷ ಮುಂದೆ. ಫ್ಲಾಸ್ಕಿನ ಚೀಟಿಯ ಮೇಲೆ ಅವಳದೇ ದುಂಡು ಅಕ್ಷರ: ನಾಲ್ಕನೇ ರೋಗಿ, ಗಡ್ಡೆಯ ಕೋಶ. ಆದರೆ ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿ ಜೀವಕೋಶಗಳಿಗೆ ಉಣಿಸಿ, ಬೆಳೆಸಿ, ಬೆಳೆದದ್ದನ್ನು ಬಿಡಿಸಿ ಬೇರೆ ಫ್ಲಾಸ್ಕಿಗೆ ಹಾಕಿ ಕೈ ಸವೆಸಿಕೊಂಡವಳಿಗೆ ಚೀಟಿ ಓದಿ ತಿಳಿಯಬೇಕಾದ್ದೇನೂ ಇರಲಿಲ್ಲ. ಇಡೀ ಕಟ್ಟಡದಲ್ಲಿ ಹೀಗೆ ಬಾಲ ಬಿಟ್ಟುಕೊಂಡು ಕೂರುವ ಕೋಶಗಳು ಒಂದೇ ಲೈನಿನವು, ಒಬ್ಬರ ಮೈಯಿಂದ ತೆಗೆದು ಬೆಳೆಸಿಕೊಂಡು ಬಂದ ಒಂದೇ ವಂಶದವು. ಹನ್ನೊಂದನೇ ಲೈನು. ಅವು ನಾಲ್ಕನೇ ರೋಗಿಯವಲ್ಲ. ಅವು ಅವಳವೇ, ಅಕ್ಕನ ಮೈಯಿಂದ ಬಂದವು.

ಇಡೀ ಕಟ್ಟಡಕ್ಕೆ ಅವಳು ಅಕ್ಕ. ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವರಾದ, ಈ ಪ್ರಯೋಗಶಾಲೆಯ ಮುಖ್ಯಸ್ಥರಾದ ಮೇಷ್ಟ್ರಿಗೂ ಅಕ್ಕ. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರಕ್ತ ಕೊಡಬೇಕಾದ ಮನುಷ್ಯ ಬರಲಿಲ್ಲವೆಂದು ಮೇಷ್ಟ್ರು ಇದೇ ಬಾಗಿಲಲ್ಲಿ ತಲೆ ತೂರಿಸಿದ್ದರು. "ಅಕ್ಕ, ಹತ್ತು ಮಿಲಿ ಕೊಡ್ತೀರಾ? ನಿಮಗೇನು, ಮಧ್ಯಾಹ್ನ ಊಟ ಮಾಡಿದ್ರೆ ಸಂಜೆಗೆ ವಾಪಸ್ ಬರುತ್ತೆ." ಅವಳು ನಕ್ಕು ತೋಳು ಮಡಚಿದ್ದಳು. ಆ ರಕ್ತದ ಕೋಶಗಳಿಗೆ ವೈರಸ್ ಹಾಕಿದರು. ಊರಿನ ಮುಕ್ಕಾಲು ಪಾಲು ಜನರ ಮೈಯಲ್ಲಿ ಚಿಕ್ಕಂದಿನಲ್ಲೇ ಸೇರಿಕೊಂಡು ತೆಪ್ಪಗೆ ಮಲಗಿರುವ ವೈರಸ್ಸೇ ಅದು. ಮೈಯೊಳಗೆ ಕಾವಲಿರುವವರೆಗೆ ಸಾಧು, ಗಾಜಿನ ಪಾತ್ರೆಯಲ್ಲಿ ಕೇಳುವವರಿಲ್ಲ. ಆರು ವಾರಕ್ಕೆ ಅವಳ ಕೋಶಗಳು ಸಾಯುವುದನ್ನೇ ಮರೆತುಬಿಟ್ಟವು. ಅವತ್ತಿನಿಂದ ಬೆಳೆಯುತ್ತಲೇ ಇವೆ. ಯಾರೋ ಚೀಟಿ ಅಂಟಿಸಿದ್ದರು: ಆರೋಗ್ಯವಂತ ದಾನಿ, ಹೆಣ್ಣು, ಹನ್ನೊಂದು. ಏಳು ಪ್ರಬಂಧಗಳಲ್ಲಿ 'ದಾನಿ ಹನ್ನೊಂದು' ಬಂದುಹೋಗಿದ್ದಾಳೆ. ಒಂದರ ಕೊನೆಯಲ್ಲಿ ಧನ್ಯವಾದ ಹೇಳುವ ಸಾಲಿನಲ್ಲಿ ಫ್ರೀಜರ್ ರಿಪೇರಿ ಮಾಡಿದವನ ಹೆಸರೂ ಇತ್ತು, ಇವಳದಿರಲಿಲ್ಲ. ಅವಳು ಅದನ್ನು ಎರಡು ಸಲ ಓದಿದ್ದಳು, ಮೊದಲನೇ ಸಲ ಕಣ್ಣು ತಪ್ಪಿರಬಹುದೆಂದು. ತನ್ನ ಮೈಯ ಕೋಶವನ್ನು ತಾನು ಮುಟ್ಟಬಾರದು ಎಂದು ಆಮೇಲೆ ನಿಯಮ ಬಂತು: ಸೂಜಿ ಚುಚ್ಚಿ ಒಳಗೆ ಹೋದರೆ ಮೈ ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ, ಮನೆಮಗಳೇ ಬಂದಳೆಂದು ಬಾಗಿಲು ತೆಗೆದುಬಿಡಬಹುದು. ನಿಯಮವನ್ನು ಗೋಡೆಗೆ ಅಂಟಿಸಿದ ಮೇಲೂ ಹನ್ನೊಂದನೇ ಲೈನಿಗೆ ಉಣಿಸುವವಳು ಅವಳೇ. ಬೇರೆಯವರ ಕೈಯಲ್ಲಿ ಅದು ಸೊರಗುತ್ತಿತ್ತು, ಅಥವಾ ಹಾಗೆಂದು ಅವಳು ನಂಬಿದ್ದಳು.

ಹನ್ನೊಂದು ಗಂಟೆಗೆ ಸಹಿ ಹಾಕಬೇಕು. ಪಕ್ಕದ ಕೋಣೆಯಲ್ಲಿ, ಅಂಗೈಯಗಲದ ಚೀಲದೊಳಗೆ, ಟೈಲರಮ್ಮನ ರಕ್ತದಿಂದ ತೆಗೆದು ಆರು ವಾರ ಬೆಳೆಸಿದ ಟಿ ಸೆಲ್ಲುಗಳು, ರೋಗವನ್ನು ಹುಡುಕಿ ಕೊಲ್ಲುವ ಕಾವಲಿನ ಕೋಶಗಳು, ಕಾಯುತ್ತಿದ್ದವು. ಟೈಲರಮ್ಮನೇ ನಾಲ್ಕನೇ ರೋಗಿ. ಮೂರು ಸಹಿ ಬಿದ್ದರೆ ಚೀಲ ಮೇಲಿನ ಮಹಡಿಯ ವಾರ್ಡಿಗೆ ಹೋಗಿ ಅವಳ ನರಕ್ಕೆ ಇಳಿಯುತ್ತದೆ: ಬೆಳೆಸಿದವರ ಸಹಿ, ಪರೀಕ್ಷಿಸಿದವರ ಸಹಿ, ಮುಖ್ಯಸ್ಥರ ಸಹಿ. ಬೆಳೆಸಿದವಳು ಅಕ್ಕ. ಕಳೆದ ವಾರವಷ್ಟೇ ಪರೀಕ್ಷೆಯಾಗಿತ್ತು. ಆ ಟಿ ಸೆಲ್ಲುಗಳನ್ನು ಈ ಫ್ಲಾಸ್ಕಿನ ಕೋಶಗಳ ಜೊತೆ ನಾಲ್ಕು ಗಂಟೆ ಬಿಟ್ಟು ಎಣಿಸಿದಾಗ ನೂರಕ್ಕೆ ಎಂಬತ್ತು ಸತ್ತಿದ್ದವು. ಟೈಲರಮ್ಮನ ಆರೋಗ್ಯವಾದ ಕೋಶಗಳ ಜೊತೆ ಬಿಟ್ಟಾಗ ನೂರಕ್ಕೆ ನಾಲ್ಕು. ರೋಗವನ್ನು ಗುರುತಿಸುತ್ತವೆ, ಒಡತಿಯನ್ನು ಮುಟ್ಟುವುದಿಲ್ಲ. ಮೇಷ್ಟ್ರು ಎಲ್ಲರಿಗೂ ಕಾಫಿ ತರಿಸಿ, "ಅಕ್ಕನ ಕೈಗುಣ" ಎಂದಿದ್ದರು. ಅವಳು ಉಬ್ಬಿಹೋಗಿದ್ದಳು. ಆರು ವಾರ, ವಾರಕ್ಕೊಮ್ಮೆ, ಆ ಟಿ ಸೆಲ್ಲುಗಳಿಗೆ ಈ ಫ್ಲಾಸ್ಕಿನ ಕೋಶಗಳನ್ನೇ ತೋರಿಸಿ ತೋರಿಸಿ ಪಾಠ ಹೇಳಿಕೊಟ್ಟವಳು ಅವಳು. ಇದೇ ನಿನ್ನ ಶತ್ರು, ಸರಿಯಾಗಿ ನೋಡಿಕೋ ಎಂದು. ಅವು ಚೆನ್ನಾಗಿಯೇ ಕಲಿತಿವೆ. ಆದರೆ ಕಲಿತದ್ದು ರೋಗವನ್ನಲ್ಲ, ಅಕ್ಕನನ್ನು.

ಕಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಟೈಲರಮ್ಮನ ಗಡ್ಡೆಯ ಕೋಶಗಳು ಬಂದ ಹೊಸತರಲ್ಲಿ ಊಟ ಸೇರದ ಮಕ್ಕಳ ಹಾಗಿದ್ದವು. ಅವಕ್ಕೆ ಹಾಕುವ ಆಹಾರ, ಎಲ್ಲರೂ ಮೀಡಿಯಂ ಎನ್ನುವ ಕೆಂಪು ನೀರು, ತಿಂದಷ್ಟೂ ಹಳದಿಗೆ ತಿರುಗುತ್ತದೆ. ಅವುಗಳ ಫ್ಲಾಸ್ಕು ನಾಲ್ಕು ದಿನವಾದರೂ ಕೆಂಪಗೇ ಇರುತ್ತಿತ್ತು. ಮೂರನೇ ವಾರದಿಂದ ಎರಡೇ ದಿನಕ್ಕೆ ಹಳದಿ. ಹಸಿವು ಬಂತು ಎಂದು ಖುಷಿಪಟ್ಟಿದ್ದಳು. ಒಂದು ಸಂಜೆ ಗೊಂಚಲಿಗೆ ಬಾಲ ಕಂಡಂತೆಯೂ ಆಗಿತ್ತು. ಕಣ್ಣು ಕಂಡದ್ದನ್ನು ಮನಸ್ಸು ಒಪ್ಪದೆ, ಬಸ್ಸಿಗೆ ಹೊತ್ತಾಯಿತೆಂದು ದೀಪ ಆರಿಸಿ ಹೊರಟುಬಿಟ್ಟಿದ್ದಳು. ಇದು ಹೇಗಾಯಿತೆಂಬುದು ಈಗ ಒಂದೊಂದು ಬೆರಳಿನ ಚಲನೆಯ ಸಮೇತ ನೆನಪಿಗೆ ಬಂತು. ಏಳು ವಾರದ ಹಿಂದಿನ ಶನಿವಾರ. ಒಂದು ಲೈನಿಗೆ ಒಂದು ಬಾಟಲಿ, ಒಂದು ಸಲ ಕೂತರೆ ಒಂದೇ ಲೈನು, ಇದು ಈ ಕೋಣೆಯ ಶಾಸನ. ಹೊಸಬರಿಗೆ ಹೇಳಿಕೊಡುವವಳೂ ಅವಳೇ. ಆ ದಿನ ಟೈಲರಮ್ಮನ ಕೋಶಗಳಿಗೆ ಉಣಿಸಿದ ಮೇಲೆ ಬಾಟಲಿಯ ತಳದಲ್ಲಿ ಒಂದಿಷ್ಟು ಮೀಡಿಯಂ ಉಳಿದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಅನ್ನ ಚೆಲ್ಲಬಾರದು ಎಂದು ಅಮ್ಮ ಕೈಮೇಲೆ ಹೊಡೆದು ಕಲಿಸಿದ್ದು ಅಷ್ಟು ಬೇಗ ಹೋಗುತ್ತದೆಯೇ. ಪಿಪೆಟ್ಟೆಂಬ ನಳಿಗೆಯಲ್ಲಿ ಹೀರಿ ಹನ್ನೊಂದನೇ ಲೈನಿಗೆ ಬಿಟ್ಟಳು. ಇನ್ನೂ ಒಂದು ಗುಟುಕು ಮಿಕ್ಕಿತು. ಟೈಲರಮ್ಮನ ಫ್ಲಾಸ್ಕು ಯಾಕೋ ಬಡವಾಗಿ ಕಂಡಿತು. ಅದೇ ಪಿಪೆಟ್ಟಿನಲ್ಲಿ ಅದಕ್ಕೇ ಬಡಿಸಿದಳು. ಹೋದ ದಾರಿಯಲ್ಲಿ ತಿರುಗಿ ಬಂದದ್ದೇ ತಪ್ಪು. ಪಿಪೆಟ್ಟಿನ ತುದಿಯಲ್ಲಿ ಅವಳದೊಂದು ಕೋಶ ಅಂಟಿಕೊಂಡು ಬಂದಿದ್ದರೆ ಸಾಕು. ಅದು ತಿಂದು, ಎರಡಾಗಿ, ನಾಲ್ಕಾಗಿ, ಸೊರಗಿದ ಒಡತಿಯನ್ನು ಮೂಲೆಗೆ ತಳ್ಳಿ ಮನೆಯನ್ನೇ ತನ್ನದು ಮಾಡಿಕೊಂಡಿದೆ. ಇಪ್ಪತ್ತೆರಡು ವರ್ಷದ ಕೈ, ತಪ್ಪುವುದಿಲ್ಲ ಎಂಬ ಗತ್ತು ಬೇರೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ. ಇಲ್ಲಿ ಉಪ್ಪು ತಿಂದದ್ದು ಇವಳು, ನೀರು ಕುಡಿಯಬೇಕಾದ್ದು ಟೈಲರಮ್ಮ.

"ಏನಕ್ಕಾ, ಹೊಟ್ಟೆ ನೋವಾ? ಹೀಗೆ ಬಗ್ಗಿಕೊಂಡು ಕೂತಿದೀರಲ್ಲ" ಎನ್ನುತ್ತ ಸಂಶೋಧನೆಯ ಹುಡುಗಿ ಗೌನಿನ ದಾರ ಕಟ್ಟಿಕೊಳ್ಳುತ್ತ ಒಳಗೆ ಬಂದಳು. ಫಾರಂನಲ್ಲಿ 'ಪರೀಕ್ಷಿಸಿದವರು' ಎಂಬ ಜಾಗದಲ್ಲಿ ಸಹಿ ಹಾಕಬೇಕಾದವಳು ಅವಳೇ. ನಾಲ್ಕು ವರ್ಷದ ದುಡಿಮೆ ಮುಗಿದು ಪದವಿಗೆ ಮೂರು ತಿಂಗಳಿತ್ತು. ಅಕ್ಕ ಕುರ್ಚಿ ಬಿಟ್ಟುಕೊಟ್ಟು ನೋಡು ಎಂದಳು. ಹುಡುಗಿ ನೋಡಿ, "ಚೆನ್ನಾಗಿವೆ. ದುಂಡಗಿವೆ" ಎಂದಳು.

"ಬಾಲ ನೋಡು."

"ಹೂಂ, ಇದೆ. ಇದ್ರೇನಾಯ್ತು?"

ಅಕ್ಕ ಹೇಳಿದಳು. ಬಾಟಲಿ, ಉಳಿದ ಗುಟುಕು, ಪಿಪೆಟ್ಟು, ಹಳದಿ, ಎಲ್ಲವನ್ನೂ ಅದೇ ಕ್ರಮದಲ್ಲಿ. ಹೇಳುವಾಗ ತನ್ನ ದನಿ ಇಷ್ಟು ಸಪಾಟಾಗಿರುವುದು ಅವಳಿಗೇ ವಿಚಿತ್ರವೆನಿಸಿತು. ಹುಡುಗಿ ಮೈಕ್ರೋಸ್ಕೋಪಿನಿಂದ ಮುಖ ಎತ್ತಲಿಲ್ಲ, ಎತ್ತಿದರೆ ಮಾತು ನಿಜವಾಗಿಬಿಡುತ್ತದೆ ಎನ್ನುವ ಹಾಗೆ. "ಅಕ್ಕಾ, ಬಾಲ ನೋಡಿ ಯಾರ ಸೆಲ್ ಅಂತ ಹೇಳೋಕಾಗಲ್ಲ," ಎಂದಳು ಕೊನೆಗೆ, ಬಹಳ ಮೆಲ್ಲಗೆ. "ನಿಮಗೆ ಹಾಗನ್ನಿಸಿರಬಹುದು. ಇವತ್ತೊಂದಿನ ಹೋಗ್ಲಿ. ಆಮೇಲೆ ನಾವಿಬ್ರೇ ಟೆಸ್ಟ್ ಮಾಡೋಣ. ಪ್ಲೀಸ್ ಅಕ್ಕಾ." ಆ ಪ್ಲೀಸ್ ಎಂಬ ದನಿ ಅಕ್ಕನಿಗೆ ಪರಿಚಿತ. ಇದೇ ಕುರ್ಚಿಯಲ್ಲಿ ಒಂಬತ್ತು ವರ್ಷದ ಹಿಂದೆ ಇನ್ನೊಬ್ಬಳು ಕೂತಿದ್ದಳು, ಎರಡು ಜಡೆಯವಳು. ಅವಳ ಕೋಶಗಳಿಗೆ ಏನೋ ಸೋಂಕು ತಗುಲಿದೆ, ಮೈಮೇಲೆ ಕಳೆಯಿಲ್ಲ ಎಂದು ಅಕ್ಕ ಹೇಳಿದಾಗ ಹೊರಗಿನಿಂದ ಬಂದ ನಾಲ್ಕು ಜನರೆದುರು ಮೇಷ್ಟ್ರು ನಕ್ಕಿದ್ದರು: "ನಮ್ಮ ಅಕ್ಕ ಕಣ್ಣಲ್ಲೇ ಟೆಸ್ಟ್ ಮಾಡ್ತಾರೆ. ಮಷೀನೆಲ್ಲ ಮಾರಿಬಿಡೋಣ." ನಾಲ್ಕು ಜನವೂ ನಕ್ಕರು. ಅವಳೂ ನಕ್ಕಳು, ಅದೇ ಇವತ್ತಿಗೂ ಮೈಗೆ ಹತ್ತಿದ ಮಸಿ. ನಕ್ಕು, ಟ್ರೇ ಎತ್ತಿಕೊಂಡು ಹೋಗಿ, ಮತ್ತೆ ಆ ಮಾತೆತ್ತಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಯಂತ್ರ ಅದೇ ಮಾತನ್ನು ಹೇಳಿತು. ಅಷ್ಟೂ ದಿನದ ಕೆಲಸ ಕಸವಾಗಿ ಎರಡು ಜಡೆಯವಳು ತನ್ನ ಪೆಟ್ಟಿಗೆ ಕಟ್ಟಿಕೊಂಡು ಹೋಗುವಾಗ, "ನೀವು ಇನ್ನೊಂದ್ ಸಲ ಹೇಳಬಾರದಿತ್ತಾ ಅಕ್ಕಾ" ಎಂದು ಕೇಳಿದ್ದಳು, ಬೈಯುವ ಹಾಗಲ್ಲ, ನಿಜವಾಗಿ ತಿಳಿದುಕೊಳ್ಳಲು.

"ಆಗಲ್ಲ ಪುಟ್ಟಿ," ಎಂದಳು ಅಕ್ಕ. ಹುಡುಗಿ ಈಗ ಅಳುತ್ತಿದ್ದಳು, ಗೌನಿನ ತೋಳಿಗೆ ಮೂಗು ಒರೆಸಿಕೊಂಡು. ಅಕ್ಕನಿಗೆ ಅವಳ ತಲೆ ಸವರಬೇಕೆನ್ನಿಸಿತು. ಗ್ಲೌಸ್ ಹಾಕಿದ ಕೈ, ಸವರಲಿಲ್ಲ.

ಕಾರಿಡಾರಿನಲ್ಲಿ ಗಂಡನಿಗೆ ಫೋನ್ ಮಾಡಿದಳು. ಯಾಕೆ ಮಾಡಿದಳೋ, ಧೈರ್ಯ ಹೇಳಲಿ ಎಂದೋ ತಡೆಯಲಿ ಎಂದೋ, ಅವಳಿಗೇ ತಿಳಿಯದು. ಅವನು ಪೂರ್ತಿ ಕೇಳಿಸಿಕೊಂಡು, "ಯಾರಾದ್ರೂ ಕೇಳಿದ್ರಾ ನಿನ್ನ?" ಎಂದ. ಇಲ್ಲ ಎಂದಳು. "ಮತ್ತೆ? ಬೀದೀಲಿ ಹೋಗೋ ಮಾರಿನ ಮನೆಗೆ ಕರ್ಕೊಂಡ್ ಬಂದ ಹಾಗಾಯ್ತು. ರಿಟೈರ್ ಆಗೋಕೆ ನಾಲ್ಕು ವರ್ಷ ಇದೆ. ಅವರೆಲ್ಲ ಓದಿದೋರು, ನಾಳೆ ತಪ್ಪಿಸ್ಕೋತಾರೆ. ನಿನ್ನ ತಲೆಗೇ ಕಟ್ತಾರೆ." ಅವನು ಕೆಟ್ಟವನಲ್ಲ, ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ತಲೆಗೆ ಕಟ್ಟೋಕೆ ಏನಿದೆ, ತಪ್ಪು ನಂದೇ" ಎಂದು ಫೋನಿಟ್ಟಳು. ಇಟ್ಟ ಮೇಲೆ, ಆ ಮಾತನ್ನು ಜೋರಾಗಿ ಹೇಳಿದ್ದು ಇದೇ ಮೊದಲೆಂದು ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ಅವಳು ಕುಂಬಳಕಾಯಿಯನ್ನೇ ಹೊತ್ತುಕೊಂಡು ಹೊರಟಿದ್ದಳು. ಎದೆಯ ಒಂದು ಮೂಲೆ ತಣ್ಣಗೆ, ಗಟ್ಟಿಯಾಗಿತ್ತು.

ಕಾರಿಡಾರಿನ ಕೊನೆಯ ಬೆಂಚಿನ ಮೇಲೆ ಟೈಲರಮ್ಮ ಕೂತಿದ್ದಳು, ಪಕ್ಕದಲ್ಲಿ ಅವಳ ಗಂಡ, ಮಡಿಲಲ್ಲಿ ವಾರ್ಡಿನ ಚೀಲ. ಕತ್ತಿನ ಎಡಗಡೆ ಗಡ್ಡೆ, ಅದರ ಮೇಲೆ ತಾನೇ ಹೊಲಿದುಕೊಂಡ ಎತ್ತರದ ಕಾಲರು. "ಅಕ್ಕಾ, ನನ್ನ ಸಿಪಾಯಿಗಳು ರೆಡಿನಾ?" ಎಂದು ಕೂಗಿ ಕೇಳಿದಳು. ರಕ್ತ ತೆಗೆಯಲು ಬಂದ ಮೊದಲ ದಿನದಿಂದಲೂ ಹೀಗೆಯೇ. ಅವತ್ತು ಕೇಳಿದ್ದಳು: "ನನ್ನ ರಕ್ತದಲ್ಲೇ ಸಿಪಾಯಿಗಳಿದಾರಂತೆ, ಮತ್ತೆ ಇಷ್ಟು ದೊಡ್ಡ ಗಡ್ಡೆ ಬೆಳೆಯೋವರೆಗೆ ಏನ್ ಮಾಡ್ತಿದ್ರು, ನಿದ್ದೆನಾ?" ನಿದ್ದೆಯೇ, ಎಂದಿದ್ದಳು ಅಕ್ಕ, ಮಾತ್ರೆ ಕೊಟ್ಟು ಮಲಗಿಸಿದ್ದು. ಗಂಡ ಕೊಟ್ಟ ಕಿಡ್ನಿ ಉಳಿಯಬೇಕಾದರೆ ಕಾವಲಿನವರು ಮಲಗಬೇಕು, ಮಲಗಿದ್ದಾಗ ಹಳೆಯ ವೈರಸ್ ಎದ್ದು ರಕ್ತದ ಕೋಶಗಳ ತಲೆ ಕೆಡಿಸಿತು, ಅವೇ ಈ ಗಡ್ಡೆ. ಗುರುತು ಹೇಗೆ ಹಿಡೀತಾವೆ ಎಂದು ಕೇಳಿದಾಗ ಸೂಜಿ ಹಿಡಿದ ಕೈಯಲ್ಲೇ ವಿವರಿಸಿದ್ದಳು. "ಪ್ರತಿಯೊಂದು ಸೆಲ್ಲೂ ತನ್ನೊಳಗೆ ಏನೇನು ತಯಾರಾಗ್ತಿದೆಯೋ ಅದರದೊಂದು ಚೂರನ್ನ ಬಾಗಿಲಲ್ಲಿ ಹಿಡಿದು ತೋರಿಸ್ತಾ ನಿಂತಿರುತ್ತೆ. ಒಳಗೆ ವೈರಸ್ ಸೇರ್ಕೊಂಡಿದ್ರೆ ಅದರ ಚೂರೂ ಆ ಕೈಗೆ ಬಂದೇ ಬರುತ್ತೆ, ಮುಚ್ಚಿಡೋಕಾಗಲ್ಲ. ಟಿ ಸೆಲ್ಲು ಬೀದಿ ಬೀದಿ ಸುತ್ತಿ ಒಂದೊಂದು ಬಾಗಿಲಲ್ಲೂ ಮುಟ್ಟಿ ನೋಡುತ್ತೆ. ಮನೇದೇ ಚೂರು ಅಂದ್ರೆ ಮುಂದೆ ಹೋಗುತ್ತೆ. ವೈರಸ್ಸಿಂದು ಅಂದ್ರೆ ಮನೆ ಸಮೇತ ಮುಗಿಸುತ್ತೆ."

"ಮತ್ತೆ ಇವರ ಕಿಡ್ನಿ ಏನ್ ಪಾಪ ಮಾಡಿತ್ತು?"

"ಅಲ್ಲಿ ಚೂರು ನೋಡೋಕೇ ಹೋಗಲ್ಲ. ಚೂರು ಹಿಡಿದಿರೋ ಕೈಯೇ ಪರರದ್ದು ಅಂತ ಕಂಡ್ರೆ ಸಾಕು, ಮೈಮೇಲೆ ಬೀಳುತ್ತೆ."

"ನಮ್ಮತ್ತೆ ಥರ. ನಾನೇನ್ ಬಡಿಸಿದ್ರೂ ರುಚಿ ನೋಡ್ತಿರ್ಲಿಲ್ಲ. ಬಡಿಸಿದ್ದು ಯಾರು ಅಂತ ನೋಡ್ತಿದ್ರು." ಆಕೆಯ ಗಂಡ ಕಿಟಕಿಯ ಕಡೆ ತಿರುಗಿ ನಕ್ಕಿದ್ದ. ಹೋಗುವಾಗ ಅಕ್ಕನ ರವಿಕೆಯ ತೋಳು ಹಿಡಿದು ತಿರುಗಿಸಿ, ಇದನ್ನು ಹೊಲಿದವನಿಗೆ ಎಡಗಣ್ಣು ಸರಿಯಿಲ್ಲ ಎಂದಿದ್ದಳು. "ನಾನು ಹೊಲಿದದ್ದು ರಸ್ತೇಲಿ ಹೋಗ್ತಿದ್ರೆ ಬೆನ್ನು ನೋಡಿಯೇ ಹೇಳ್ತೀನಿ ನಂದು ಅಂತ. ಮೂವತ್ತು ವರ್ಷದ ಕೈ ಅಕ್ಕಾ, ಹೇಗೆ ಅಂತ ಕೇಳಿದ್ರೆ ಮಾತ್ರ ಗೊತ್ತಿಲ್ಲ."

ಈಗ ಬೆಂಚಿನ ಮೇಲೆ ಆ ಕಾಲರಿನೊಳಗೆ ಅವಳ ಮುಖ ಮೊದಲಿಗಿಂತ ಸಣ್ಣದಾಗಿತ್ತು. ಬೇರೆ ಔಷಧಿಯ ಕೋರ್ಸು ಬೇಡ, ನನ್ನ ಸಿಪಾಯಿಗಳೇ ಸಾಕು ಎಂದು ಬರೆದುಕೊಟ್ಟಿದ್ದಾಳೆ. ಮಾತ್ರೆ ನಿನ್ನೆಯೇ ಅರ್ಧಕ್ಕೆ ಇಳಿದಿದೆ. ಇವತ್ತು ಚೀಲ ಇಳಿದ ಮೇಲೆ, ಹೊಸ ಸಿಪಾಯಿಗಳೂ ಮಲಗಿಬಿಡಬಾರದೆಂದು, ಪೂರ್ತಿ ನಿಲ್ಲುತ್ತದೆ. ಟಿ ಸೆಲ್ಲುಗಳು ಗಡ್ಡೆಯನ್ನು ಗುರುತಿಸಿ ಬೇಗ ಕರಗಿಸಿದರೆ ಸರಿ, ಮಾತ್ರೆ ಮತ್ತೆ ಶುರು ಮಾಡಿ ಕಿಡ್ನಿ ಉಳಿಸಿಕೊಳ್ಳಬಹುದು. ಗುರುತಿಸದಿದ್ದರೆ ಕಿಡ್ನಿಯೂ ಹೋಗುತ್ತದೆ, ಗಡ್ಡೆಯೂ ಉಳಿಯುತ್ತದೆ, ಗಂಡನ ಹೊಟ್ಟೆಯ ಮೇಲಿನ ಗಾಯದ ಗುರುತು ಸುಮ್ಮನೆ ಉಳಿಯುತ್ತದೆ. "ಇನ್ನೂ ಇಲ್ಲಮ್ಮ. ಸ್ವಲ್ಪ ಕೆಲಸ ಬಾಕಿಯಿದೆ" ಎಂದಳು ಅಕ್ಕ. ಟೈಲರಮ್ಮ ಅವಳ ಮುಖವನ್ನು ಅಳತೆ ತೆಗೆಯುವವಳ ಹಾಗೆ ನೋಡಿ, ಮಡಿಲಿನ ಚೀಲವನ್ನು ಬೆಂಚಿನ ಮೇಲಿಟ್ಟಳು.

ಮೇಷ್ಟ್ರ ಕೋಣೆಯಲ್ಲಿ ಫಾರಂ ಮೇಜಿನ ಮೇಲೆ ಸಿದ್ಧವಾಗಿತ್ತು, ಪಕ್ಕದಲ್ಲಿ ಒಳ್ಳೆಯ ಪೆನ್ನು. ಅವರು ನಿಂತೇ ಕೇಳಿಸಿಕೊಂಡರು. ಅಕ್ಕ ಹೇಳುತ್ತ ಹೋದಂತೆ ಅವರ ಮುಖದ ಮೇಲೆ ಮೊದಲು ತಮಾಷೆ ಬಂತು, ಅದು ಹೋಗಿ ಬೇಸರ ಬಂತು, ಆಮೇಲೆ, ಅವಳು ನಿರೀಕ್ಷಿಸದೇ ಇದ್ದದ್ದು, ಭಯ ಬಂತು. ಅವರು ದುಷ್ಟರೆಂದು ಅವಳಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ಮೂವತ್ತು ವರ್ಷ ಇದೊಂದನ್ನೇ ಧ್ಯಾನಿಸಿದವರು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವೇನೋ ಎಂಬ ಭಯ ಯಾರಿಗಾದರೂ ಆಗುತ್ತದೆ.

"ಅಕ್ಕ, ಕಣ್ಣಲ್ಲಿ ನೋಡಿ ಹೇಳೋದು ಸೈನ್ಸ್ ಅಲ್ಲ."

"ಅಲ್ಲ ಸರ್. ಅದಕ್ಕೇ ಟೆಸ್ಟ್ ಮಾಡಿ ಅಂತಿರೋದು. ಮೊದಲ ದಿನ ತೆಗೆದಿಟ್ಟ ಗಡ್ಡೆಯ ಸೆಲ್ಲು ಫ್ರೀಜರಿನಲ್ಲಿ ಒಂದು ಟ್ಯೂಬ್ ಇದೆ. ಅದು ನನ್ನ ಕೈಗೆ ಬರೋಕ್ ಮುಂಚಿಂದು. ಅದರ ಮೇಲೆ ಈ ಟಿ ಸೆಲ್ ಬಿಟ್ಟು ನೋಡಿ. ಫ್ಲಾಸ್ಕಿಂದು ನಂದೋ ಅವರದೋ ಅಂತ ಬೇರೆ ನೋಡಿ."

"ಅದೊಂದೇ ಟ್ಯೂಬ್ ಇರೋದು. ನಿಮಗೆ ಅನುಮಾನ ಬಂತು ಅಂತ ಕರಗಿಸಿಬಿಡಲಾ?" ಅವರು ಕೂತರು. ದನಿ ಇಳಿಸಿದರು. "ಹದಿನೈದು ದಿನ ತಡವಾದ್ರೆ ಏನಾಗುತ್ತೆ ಗೊತ್ತಾ? ಗಡ್ಡೆ ಕಾಯುತ್ತಾ? ಆಯಮ್ಮನ ಮೇಲೆ ನಿಮಗೊಬ್ಬರಿಗೇ ಕನಿಕರ ಇರೋದು ಅನ್ಕೋಬೇಡಿ." ಆ ಮಾತು ನಾಟಿತು, ನಿಜವಿದ್ದುದರಿಂದ. ಅವರು ಇನ್ನೂ ಮೆತ್ತಗಾದರು. "ನೋಡಿ, ನೀವು ದಣಿದಿದೀರಿ. ನಿಮ್ಮ ಕೆಲಸ ಬೆಳೆಸೋದು, ಚೆನ್ನಾಗಿ ಬೆಳೆಸಿದೀರಿ. ಯೋಚನೆ ಮಾಡೋದು ನಮಗೆ ಬಿಡಿ. ಸಹಿ ಹಾಕಿ ಮನೆಗೆ ಹೋಗಿ, ಇವತ್ತು ರಜೆ ತಗೊಳ್ಳಿ." ಪೆನ್ನನ್ನು ಅವಳ ಕಡೆ ತಿರುಗಿಸಿಟ್ಟರು. ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಿತ್ತು. ಯಾವ ಫಾರಂನಲ್ಲೂ ಅವಳ ಸಹಿ ಇಂಗ್ಲಿಷಿನ ಎರಡು ಅಕ್ಷರ, ಇರುವೆ ಹೋದ ಹಾಗೆ; ಯಾರೂ ಯಾರದೆಂದು ಕೇಳಿದ್ದಿಲ್ಲ. ನೀವು ಇನ್ನೊಂದ್ ಸಲ ಹೇಳಬಾರದಿತ್ತಾ ಅಕ್ಕಾ. ಆ ದಿನ ನಕ್ಕ ನಗೆ ಬಾಯೊಳಗೆ ಮತ್ತೆ ಕಹಿಯಾಯಿತು. ಈ ಸಲ ಅದನ್ನು ನುಂಗಲಿಲ್ಲ.

"ಹಾಕಲ್ಲ ಸರ್."

ಬಾಗಿಲು ತಟ್ಟಿ ವಾರ್ಡಿನ ಡಾಕ್ಟರು ಒಳಗೆ ಬಂದರು, ಕೈಯಲ್ಲಿ ಚೀಲ ಒಯ್ಯುವ ತಣ್ಣನೆಯ ಡಬ್ಬಿ ಹಿಡಿದು. ಅವರ ಹಿಂದೆಯೇ ಕೆಂಪು ಕಣ್ಣಿನ ಹುಡುಗಿ. "ಎಲ್ಲ ಸರಿ ತಾನೆ?" ಎಂದರು ಡಾಕ್ಟರು, ಕೋಣೆಯ ಗಾಳಿ ನೋಡಿ. ಮೇಷ್ಟ್ರು ನಕ್ಕು, "ನಮ್ಮ ಟೆಕ್ನೀಷಿಯನ್ನಿಗೆ ಒಂದು ಅನುಮಾನ" ಎಂದರು. ಅದೇ ನಗೆ, ಅದೇ ಒಂಬತ್ತು ವರ್ಷದ ಹಳೆಯದು. "ಸೆಲ್ಲುಗಳಿಗೆ ಬಾಲ ಬಂದಿದೆಯಂತೆ." ಡಾಕ್ಟರು ನಗಬೇಕೋ ಬೇಡವೋ ಎಂದು ಅಕ್ಕನ ಕಡೆ ನೋಡಿದರು. ಅವರು ನೋಡಿದ್ದನ್ನು ಅಕ್ಕ ಕಂಡಳು: ಮಾಸಿದ ಗೌನು, ಸ್ಪಿರಿಟ್ಟಿಗೆ ಬಿಳಿಚಿದ ಬೆರಳು, ಅದರೊಳಗಿಂದ ಇಣುಕುವ, ಎಡಗಣ್ಣು ಸರಿಯಿಲ್ಲದವನು ಹೊಲಿದ ರವಿಕೆ. ಚೂರನ್ನಲ್ಲ, ಹಿಡಿದ ಕೈಯನ್ನು ನೋಡುತ್ತಿದ್ದರು.

"ಡಾಕ್ಟ್ರೇ," ಎಂದಳು. "ನನ್ನ ನೋಡಿ ನಗಬೇಕು ಅನ್ಸಿದ್ರೆ ಆಮೇಲೆ ನಕ್ಕೊಳ್ಳಿ, ನಾನೂ ಸೇರ್ಕೋತೀನಿ. ಈಗ ಹೇಳ್ತಿರೋದನ್ನ ನೋಡಿ. ಏಳು ವಾರದ ಹಿಂದೆ ಒಂದೇ ಪಿಪೆಟ್ಟಿನಲ್ಲಿ ಎರಡು ಲೈನಿಗೆ ಮೀಡಿಯಂ ಹಾಕಿದೀನಿ. ನಾನೇ, ಬೇರೆ ಯಾರೂ ಅಲ್ಲ. ಅದರಲ್ಲೊಂದು ಲೈನು ನನ್ನ ಮೈದು. ಆ ಫ್ಲಾಸ್ಕಿನಲ್ಲಿ ಈಗ ಬೆಳೀತಿರೋದು ನಾನು ಅಂತ ನನ್ನ ಲೆಕ್ಕ. ಇವರ ಟಿ ಸೆಲ್ಲು ಕೊಂದಿದ್ದು ನನ್ನ ಸೆಲ್ಲನ್ನ. ಪರರ ಕೈ ಅಂತ ಕೊಂದಿದೆ, ವೈರಸ್ಸಿನ ಚೂರು ಅಂತ ಅಲ್ಲ. ಆಯಮ್ಮನ ಗಡ್ಡೇನ ಅವು ಗುರುತಿಸ್ತಾವೋ ಇಲ್ಲವೋ ಈ ಕೋಣೇಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ದೇ ಮಾತ್ರೆ ನಿಲ್ಲಿಸ್ತೀರಾ?"

ಡಾಕ್ಟರು ಡಬ್ಬಿಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. "ಇದು ನಿಜಾನಾ?" ಎಂದು ಮೇಷ್ಟ್ರನ್ನು ಕೇಳಿದರು.

"ಪುರಾವೆ ಇಲ್ಲ," ಎಂದರು ಮೇಷ್ಟ್ರು. "ಅಕ್ಕ, ನೀವೇನು ಒಪ್ಕೋತಿದೀರಿ ಅಂತ ಗೊತ್ತಿದೆಯಾ? ನಿಯಮ ಮುರಿದಿದೀರಿ ಅಂತ. ಇದನ್ನ ನಾನು ಬರೆದು ಮೇಲೆ ಕಳಿಸಬೇಕಾಗುತ್ತೆ."

"ಕಳಿಸಿ. ಆಗ್ಲೇ ಲ್ಯಾಬ್ ಪುಸ್ತಕದಲ್ಲಿ ಬರೆದಿಟ್ಟು ಬಂದಿದೀನಿ, ತಾರೀಖು ಸಮೇತ." ಅವಳು ಗೌನಿನ ಎಡತೋಳನ್ನು ಮಡಚತೊಡಗಿದಳು, ಒಂದು ಮಡಿಕೆ, ಎರಡು ಮಡಿಕೆ, ಮೊಣಕೈಯ ಮೇಲಕ್ಕೆ. "ಪುರಾವೆ ಇಲ್ಲಿದೆ. ತಗೊಂಡು ಫ್ಲಾಸ್ಕಿನ ಜೊತೆ ತಾಳೆ ನೋಡಿ. ತಾಳೆಯಾಗ್ಲಿಲ್ಲ ಅಂದ್ರೆ ಇಲ್ಲೇ ಎಲ್ಲರೆದುರು ಕ್ಷಮೆ ಕೇಳಿ, ಸಹಿ ಹಾಕಿ, ಮನೆಗೆ ಹೋಗ್ತೀನಿ. ನಾಲ್ಕು ವರ್ಷ ಮುಂಚೆಯೇ ಹೋಗ್ತೀನಿ. ಈಗ ಮಾತ್ರ ಹೋಗಲ್ಲ."

ಮೇಜಿನ ಗಾಜಿನ ಮೇಲೆ ಅವಳ ತೋಳು ಮಲಗಿತ್ತು, ಒಳಮೈ ಬಿಳಿ, ನಡುವೆ ಹಸಿರು ನರ, ಹನ್ನೆರಡು ವರ್ಷದ ಹಿಂದೆ ಸೂಜಿ ಹೋದ ಜಾಗ ಎಲ್ಲಿಯೆಂದು ಈಗ ಕಾಣುತ್ತಿರಲಿಲ್ಲ. ತೋಳು ಬೆವರಿ ಗಾಜಿಗೆ ಅಂಟಿಕೊಂಡಿತ್ತು. ಹೆದರಿಕೆಯಾಗಿತ್ತು ಅವಳಿಗೆ, ಅದನ್ನು ಮುಚ್ಚಿಡುವ ಆಸೆಯೂ ಇರಲಿಲ್ಲ. "ಎರಡು ದಿನ ಕಾಯಬಹುದು," ಎಂದರು ಡಾಕ್ಟರು ಕೊನೆಗೆ. "ಮಾತ್ರೆ ಇವತ್ತು ಸಂಜೆಯಿಂದ ಮತ್ತೆ ಪೂರ್ತಿ ಕೊಡ್ತೀನಿ. ಆಯಮ್ಮನಿಗೆ ನಾನೇ ಹೇಳ್ತೀನಿ. ಫ್ರೀಜರಿನ ಟ್ಯೂಬ್ ಕರಗಿಸಿ ಸರ್." ಮೇಷ್ಟ್ರು ಕನ್ನಡಕ ತೆಗೆದು ಎರಡು ಬೆರಳಲ್ಲಿ ಕಣ್ಣು ಒತ್ತಿಕೊಂಡು ಕೂತರು. ರಕ್ತ ತೆಗೆಯಬೇಕಾದವರು ಯಾರೆಂಬುದೂ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಇಲ್ಲಿ ರಕ್ತ ತೆಗೆಯುವವಳು ಯಾವತ್ತೂ ಅಕ್ಕನೇ.

ಹುಡುಗಿ ಹೊರಗೆ ಹೋದಳು. ಓಡಿಹೋದಳು ಎಂದೇ ಅಕ್ಕ ಅಂದುಕೊಂಡಳು, ಮೂರು ತಿಂಗಳಲ್ಲಿ ಬರಬೇಕಾದ ಪದವಿಯ ಬಾಗಿಲನ್ನು ಮುಖಕ್ಕೆ ಮುಚ್ಚಿದವಳ ಎದುರು ಯಾಕೆ ನಿಂತಾಳು. ಆದರೆ ಅವಳು ಟ್ರೇ ಹಿಡಿದುಕೊಂಡು ಬಂದಳು, ಸೂಜಿ, ಹತ್ತಿ, ರಬ್ಬರ್ ಪಟ್ಟಿ, ಖಾಲಿ ಟ್ಯೂಬು. ಪಟ್ಟಿ ಕಟ್ಟಿದಳು. ಮೊದಲ ಸಲ ನರ ಸಿಗಲಿಲ್ಲ. ಅಕ್ಕ "ಸ್ವಲ್ಪ ಕೆಳಗೆ" ಎಂದು ತನ್ನ ಬಲಗೈಯ ಬೆರಳಿಟ್ಟು ತೋರಿಸಿದಳು. ಎರಡನೇ ಸಲ ಸಿಕ್ಕಿತು. ಕಪ್ಪುಗೆಂಪು ಗೆರೆ ಟ್ಯೂಬಿನೊಳಗೆ ಏರುವುದನ್ನು ನಾಲ್ಕು ಜನವೂ ನೋಡಿದರು. ಹುಡುಗಿ ಹತ್ತಿಯನ್ನೊತ್ತಿ, ಟ್ಯೂಬಿಗೆ ಚೀಟಿ ಅಂಟಿಸಿ, ಅಭ್ಯಾಸಬಲದಿಂದ 'ದಾನಿ' ಎಂದು ಬರೆಯಹೊರಟಳು. ಮೊದಲ ಅಕ್ಷರ ಮೂಡಿತ್ತು. ಅಕ್ಕ ಟ್ಯೂಬನ್ನು ಅವಳ ಕೈಯಿಂದ ತೆಗೆದುಕೊಂಡು, ಚೀಟಿ ಕಿತ್ತು ಹೊಸದು ಅಂಟಿಸಿದಳು. ಮೇಷ್ಟ್ರ ಒಳ್ಳೆಯ ಪೆನ್ನು ಎತ್ತಿಕೊಂಡು, ಅಪ್ಪನ ಹೆಸರಿನ ಮೊದಲಕ್ಷರದಿಂದ ಹಿಡಿದು ತನ್ನ ಪೂರ್ತಿ ಹೆಸರನ್ನು ಆ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಚೀಟಿ ಚಿಕ್ಕದು, ಹೆಸರು ಉದ್ದ. ಕೊನೆಯ ಎರಡಕ್ಷರ ಟ್ಯೂಬಿನ ಹಿಂಬದಿಗೆ ಸುತ್ತಿಕೊಂಡು ಹೋದವು.

ಬೆಚ್ಚಗಿದ್ದ ಟ್ಯೂಬನ್ನು ಮೇಷ್ಟ್ರ ಕೈಗೆ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೊನೆಯ ಅಕ್ಷರದವರೆಗೂ ಗಟ್ಟಿಯಾಗಿ ಓದಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನಡುವೆ ಒಂದು ಕಡೆ ತಡವರಿಸಿದರು.

"ಸರಿಯಾಗಿದೆ ಸರ್," ಎಂದಳು, ಹತ್ತಿಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು. "ಫ್ಲಾಸ್ಕಿನ ಮೇಲೂ ಅದನ್ನೇ ಬರೀರಿ."